ಹದಿನೇಳನೇ ನಂಬರಿನ ಗೆರೆ

ಇದು ಯಾರಿಗೋ ಆಗಿ, ಇನ್ಯಾರೋ ಕೇಳಿ, ಮತ್ಯಾರೋ ಉಪ್ಪು ಖಾರ ಹಚ್ಚಿ ಹೇಳಿದ್ದಲ್ಲ. ನಮ್ಮ ದೊಡ್ಡಮ್ಮನ ಮಗಳಿಗೇ ಆದದ್ದು. ನನಗೆ ಅಕ್ಕನಾಗಬೇಕು. ನರ್ಸು. ಸತ್ತವರ ಮೈ ಒರೆಸಿ, ಬಟ್ಟೆ ಹೊದಿಸಿ ಕಳಿಸಿ, ಕೈ ತೊಳೆದುಕೊಂಡು ಬಂದು ನೆಮ್ಮದಿಯಾಗಿ ಊಟಕ್ಕೆ ಕೂರುವಷ್ಟು ಗಟ್ಟಿಗಿತ್ತಿ. ದೆವ್ವದ ಮಾತೆತ್ತಿದರೆ ಎಲ್ಲರಿಗಿಂತ ಮೊದಲು ನಗುತ್ತಿದ್ದವಳು. ಈಗ ಅವಳೆದುರು ಆ ಮಾತು ಎತ್ತಿ ನೋಡಿ... ಎದ್ದು ಒಳಗೆ ಹೋಗುತ್ತಾಳೆ.

ಆವತ್ತು ಸೋಮವಾರ. ಅಕ್ಕ ಕೆಲಸ ಮುಗಿಸಿ ಹೊರಟಾಗ ರಾತ್ರಿ ಎಂಟೂವರೆ. ಕ್ಲಿನಿಕ್ಕಿನ ಹಿಂದಿನ ಗೇಟಿನಿಂದ ಅವಳ ಬೀದಿಗೆ ಒಂದು ಅಡ್ಡದಾರಿ ಇದೆ. ನಡುವೆ ಯಾರೂ ಮನೆ ಕಟ್ಟದ ಖಾಲಿ ಜಾಗ, ಅದರಲ್ಲೊಂದು ಹಳೆಯ ಬಾವಿ. ನೀರು ಸೇದುವುದು ನಿಂತು ಎಷ್ಟೋ ವರ್ಷವಾಯಿತು. ರಾಟೆ ಮಾತ್ರ ಉಳಿದಿದೆ, ಗಾಳಿ ಬಂದರೆ ಕಿರ್ರ್... ಕಿರ್ರ್... ಅನ್ನುತ್ತದೆ. ಬಾವಿಯ ಸುತ್ತ ನೆಲ ಕಾಣದಷ್ಟು ಮುಟ್ಟಿದರೆ ಮುನಿ ಬೆಳೆದಿದೆ.

ಆವತ್ತು ಗಾಳಿ ಇರಲಿಲ್ಲ. ರಾಟೆ ಸುಮ್ಮನಿತ್ತು.

ಟಕ್... ಸರ್ರ್.

ಅಕ್ಕನ ಹಿಂದಿನಿಂದ ಬಂತು ಸದ್ದು. ಟಕ್... ಸರ್ರ್. ಕೋಲಿನ ತುದಿಯ ಕಬ್ಬಿಣ ಕಲ್ಲಿಗೆ ತಾಗುವುದು, ಆಮೇಲೆ ಒಂದು ಚಪ್ಪಲಿ ನೆಲಕ್ಕೆ ಉಜ್ಜುವುದು. ಅಕ್ಕನಿಗೆ ಅದು ಗೊತ್ತಿದ್ದ ಸದ್ದೇ. ನಾಲ್ಕು ಸೋಮವಾರ ಕ್ಲಿನಿಕ್ಕಿನ ಓಣಿಯಲ್ಲಿ ಕೇಳಿದ್ದಳು. ಬೀಗ ರಿಪೇರಿ ಮಾಡುವ ಮುದುಕ, ಎಲ್ಲರ ಬಾಯಲ್ಲೂ ಬೀಗದಜ್ಜ. ಹಿಮ್ಮಡಿಯ ಗಾಯಕ್ಕೆ ಡ್ರೆಸ್ಸಿಂಗಿಗೆ ಬರುತ್ತಿದ್ದವನು.

ಅಕ್ಕ ನಿಂತಳು. ಸದ್ದೂ ನಿಂತಿತು. ಬಾವಿಕಟ್ಟೆಯ ಮೇಲೆ ಯಾರೋ ಕೂತ ಹಾಗೆ ಕಂಡಿತು.

"ಅಜ್ಜಾ... ನೀವಾ?"

"ಹ್ಞೂಂ."

"ಇಷ್ಟೊತ್ತಲ್ಲಿ ಇಲ್ಲೇನು ಮಾಡ್ತಿದ್ದೀರಿ? ಎರಡು ಸೋಮವಾರ ನೀವು ಬರಲೇ ಇಲ್ಲ."

"ಬಂದಿದ್ದೆನಲ್ಲ ಮಗಳೇ..."

"ಎಲ್ಲಿ ಬಂದ್ರಿ?"

ಪಿಸುಗುಟ್ಟಿದ ಹಾಗೆ ಬಂತು...

"ನೀನೇ ಬರ್ದಿದ್ದೀಯಲ್ಲ... ಬಂದಿದ್ದೆ ಅಂತ."

ಅಕ್ಕ ಟಾರ್ಚ್ ಎತ್ತಿ ಹಿಡಿದಳು. ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಮುಟ್ಟಿದರೆ ಮುನಿ ಕತ್ತಲಾದರೆ ತಾನಾಗಿಯೇ ಎಲೆ ಮಡಚಿ ಮಲಗುವ ಗಿಡ. ಸುತ್ತಲೂ ಎಲ್ಲ ಮಡಚಿಕೊಂಡೇ ಇತ್ತು. ಕಟ್ಟೆಯ ಬುಡದಲ್ಲಿ, ಕೂತವರು ಕಾಲು ಊರುವಷ್ಟು ಜಾಗದಲ್ಲಿ ಮಾತ್ರ ಎಲೆಗಳು ಪೂರ್ತಿ ಬಿಚ್ಚಿಕೊಂಡಿದ್ದವು.

ಓಡಿ ಬಂದೆಯಾ ಎಂದು ನಾನು ಕೇಳಿದ್ದೇನೆ. ಇಲ್ಲ, ಬೇಗ ಬೇಗ ನಡೆದೆ ಎನ್ನುತ್ತಾಳೆ. ಮನೆ ಮುಟ್ಟಿದಾಗ ಒಂದು ಚಪ್ಪಲಿ ಕಾಲಲ್ಲಿ ಇರಲಿಲ್ಲ.

ಅವಳಿಗೆ ಹೆದರಿಕೆಯಾದದ್ದು ನೀವು ಅಂದುಕೊಂಡ ಕಾರಣಕ್ಕಲ್ಲ. ಮುದುಕ, ಬೀದಿ ಸುತ್ತುವ ಚಾಳಿ ಇರುವವನು, ಕತ್ತಲಲ್ಲಿ ಎದ್ದು ಆಚೆ ಹೋಗಿರುತ್ತಾನೆ ಅಂತಲೇ ಅವಳು ತಿಳಿದದ್ದು. ಹೆದರಿಕೆ ಆ ಮಾತಿನದು. ಅಜ್ಜ ಬಂದಿದ್ದ ಎಂದು ಅಕ್ಕ ಬರೆದು ಇನ್ನೂ ಒಂದು ಗಂಟೆ ಆಗಿತ್ತಷ್ಟೆ. ಬಾಗಿಲು ಹಾಕಿಕೊಂಡು, ಒಬ್ಬಳೇ ಕೂತು ಬರೆದಿದ್ದಳು. ಸುಳ್ಳು ಬರೆದಿದ್ದಳು. ಅದು ಇವನಿಗೆ ಹೇಗೆ ಗೊತ್ತಾಯಿತು? ಯಾರು ನೋಡಿದರು? ಯಾರು ಹೇಳಿದರು?

ಇಲ್ಲಿ ಅಕ್ಕನ ಕೆಲಸ ಏನು ಅಂತ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ.

ಆ ಕ್ಲಿನಿಕ್ಕಿನಲ್ಲಿ ಆಗ ಒಂದು ಮುಲಾಮಿನ ಪರೀಕ್ಷೆ ನಡೆಯುತ್ತಿತ್ತು. ಮುಟ್ಟಿದರೆ ಮುನಿಯ ಎಲೆ, ಬೇರು ಗಾಯ ಮಾಯಿಸುತ್ತದೆ ಎನ್ನುವ ಮಾತು ಹಳೆಯದು. ಹಳೆಯ ಮಾತು ನಿಜವೋ ಬರೀ ಮಾತೋ ನೋಡೋಣ ಎಂದು ದೊಡ್ಡ ಡಾಕ್ಟರು ಹೊರಟಿದ್ದರು. ಹಿಂದಿನ ಶೆಡ್ಡಿನಲ್ಲಿ ಒಬ್ಬ ಗಂಟುಮುಖದ ಮನುಷ್ಯ ಸಾರ ತೆಗೆಯುತ್ತಿದ್ದ. ಗಿಡ ತೊಳೆದು, ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಸ್ಪಿರಿಟ್ಟಿನಲ್ಲಿ ಮೂರು ದಿನ ನೆನೆಸಿ, ಸೋಸಿ, ಬಿಸಿನೀರಿನ ಮೇಲೆ ಇಟ್ಟು ಸ್ಪಿರಿಟ್ ಆರಿಸಿದರೆ ತಳದಲ್ಲಿ ಕಪ್ಪು ಹಸಿರು ಅಂಟು ಉಳಿಯುತ್ತದೆ. ಅದೇ ಸಾರ. ಮಡಕೆ, ಒಲೆ ಏನೂ ಇಲ್ಲದಿದ್ದರೂ ಆ ಮನುಷ್ಯನಿಗೆ ಎಲ್ಲರೂ ಹಿಂದಿನಿಂದ ಇಟ್ಟಿದ್ದ ಹೆಸರು ಕಷಾಯ.

ಪರೀಕ್ಷೆಗೆ ನಲವತ್ತು ಜನ. ಅರ್ಧ ಜನರ ಟ್ಯೂಬಿನಲ್ಲಿ ಸಾರ ಸೇರಿದ ಮುಲಾಮು. ಉಳಿದರ್ಧಕ್ಕೆ ಬರೀ ಜಿಡ್ಡು, ಹಸಿರು ಬಣ್ಣ ಹಾಕಿದ್ದು. ಹೊರಗಿನಿಂದ ಎರಡೂ ಒಂದೇ. ಯಾರಿಗೆ ಯಾವುದು ಎಂಬ ಪಟ್ಟಿ, ಬಾಯಿ ಅಂಟಿಸಿದ ಲಕೋಟೆಯಲ್ಲಿ ಡಾಕ್ಟರ ಮೇಜಿನೊಳಗೆ. ಪರೀಕ್ಷೆ ಮುಗಿಯುವ ತನಕ ಅದನ್ನು ಡಾಕ್ಟರೂ ಬಿಚ್ಚುವ ಹಾಗಿಲ್ಲ.

ಅಕ್ಕನ ಕೆಲಸ ಗೆರೆ ಎಳೆಯುವುದು. ಪ್ರತಿ ಸೋಮವಾರ ಗಾಯದ ಮೇಲೆ ತೆಳ್ಳಗಿನ ಪಾರದರ್ಶಕ ಹಾಳೆ ಇಟ್ಟು, ಗಾಯದ ಅಂಚಿನ ಗುಂಟ ನೀಲಿ ಪೆನ್ನಿನಿಂದ ಸುತ್ತ ಗೆರೆ ಎಳೆಯಬೇಕು. ಬೆರಳುಗಳು ಯಾವ ಕಡೆ ಎಂದು ತೋರಿಸಲು ಒಂದು ಬಾಣ. ಬಾಣದ ಪಕ್ಕ ಎಡ ಅಥವಾ ಬಲ. ಮೂಲೆಯಲ್ಲಿ ನಂಬರು, ತಾರೀಖು. ಆಮೇಲೆ ಆ ಹಾಳೆಯನ್ನು ಚೌಕದ ಕಾಗದದ ಮೇಲಿಟ್ಟು ಗೆರೆಯೊಳಗೆ ಎಷ್ಟು ಚೌಕ ಬಂದವು ಎಂದು ಎಣಿಸಬೇಕು. ಚೌಕ ಕಡಿಮೆಯಾದರೆ ಗಾಯ ಕೂಡುತ್ತಿದೆ ಎಂದು ಅರ್ಥ. ಬರುವವರೆಲ್ಲ ಅವಳನ್ನು ಗೆರೆ ಸಿಸ್ಟರ್ ಎನ್ನುತ್ತಿದ್ದರು.

ಬೀಗದಜ್ಜನದು ಹದಿನೇಳನೇ ನಂಬರು. ಬಲ ಹಿಮ್ಮಡಿ. ಬಾಯಿ ಸುಮ್ಮನಿರುವ ಆಸಾಮಿಯಲ್ಲ. "ಸುತ್ತ ಗೆರೆ ಎಳೀತೀಯಲ್ಲ ಮಗಳೇ, ಗಾಯ ಅದನ್ನ ದಾಟಬಾರದು ಅಂತಾನಾ? ನಿನ್ನ ಮಾತು ಕೇಳುತ್ತಾ ಅದು?" ಎಂದು ಕಿಚಾಯಿಸುತ್ತಿದ್ದ. ಮೂರನೇ ವಾರ ಫೈಲಿನ ಬೀರುವಿನ ಬೀಗ ಕಚ್ಚಿಕೊಂಡಿತು. ಅಜ್ಜ ಬ್ಯಾಂಡೇಜಿನ ಕಾಲು ಸ್ಟೂಲಿನ ಮೇಲಿಟ್ಟು, ಕೂತಲ್ಲೇ ಅದನ್ನು ಬಿಚ್ಚಿ ಸರಿ ಮಾಡಿ, ಮಾರನೆಯ ದಿನ ಹೊಸ ಕೀಲಿಕೈ ಕೆತ್ತಿ ಕಳಿಸಿದ. ಕೀಲಿಯ ತಲೆಯ ಮೇಲೆ ಸಣ್ಣ ಉಳಿಯಲ್ಲಿ 17 ಎಂದು ಕೊರೆದಿದ್ದ. ಏಳರ ಹೊಟ್ಟೆಗೆ ಅಡ್ಡ ಒಂದು ಗೀಟು. ತನ್ನ ಕೆಲಸದ ಗುರುತು ಅದು ಎಂದು ಹೇಳಿ ಕಳಿಸಿದ್ದನಂತೆ.

ನಾಲ್ಕು ವಾರ ಬಂದ. ನಲವತ್ತೆರಡು ಚೌಕ, ನಲವತ್ತು, ಮೂವತ್ತೇಳು, ಮೂವತ್ತಾರು. ಐದನೇ ಸೋಮವಾರ ಬರಲಿಲ್ಲ.

ಬಾರದವರ ಜಾಗ ಖಾಲಿ ಬಿಡಬೇಕು. ಅದು ನಿಯಮ. ಖಾಲಿ ಕಂಡರೆ ದೊಡ್ಡ ಡಾಕ್ಟರ ಮುಖ ಹೇಗಾಗುತ್ತದೆ ಎನ್ನುವುದೂ ಅಕ್ಕನಿಗೆ ಗೊತ್ತಿತ್ತು. ಮುಂದಿನ ವಾರ ಬಂದೇ ಬರುತ್ತಾನೆ, ಹೇಗೂ ಗಾಯ ಕಡಿಮೆಯಾಗುತ್ತಿದೆ ಎಂದುಕೊಂಡು ಒಂದು ಹಾಳೆ ತೆಗೆದುಕೊಂಡಳು. ಹಿಂದಿನ ವಾರದ ಗೆರೆಯ ಮೇಲಿಟ್ಟು, ಅದರೊಳಗೆ ಇನ್ನೊಂದು ಸ್ವಲ್ಪ ಚಿಕ್ಕ ಗೆರೆ ಎಳೆದಳು. ಮೂವತ್ತು ಚೌಕ. ಆರನೇ ಸೋಮವಾರವೂ ಅಜ್ಜ ಬರಲಿಲ್ಲ. ಆವತ್ತು ಸಂಜೆ ಏಳೂವರೆಗೆ ಬಾಗಿಲು ಹಾಕಿಕೊಂಡು ಇನ್ನೊಂದು ಎಳೆದಳು. ಇಪ್ಪತ್ಮೂರು. ಹೊರಟಳು. ಬಾವಿಯ ಹತ್ತಿರ ಆದದ್ದನ್ನು ಹೇಳಿದೆನಲ್ಲ.

ಇಷ್ಟೇ ಆಗಿದ್ದರೆ ಒಂದು ಸಣ್ಣ ಕಳ್ಳತನ, ಒಂದು ಬೈಗುಳಕ್ಕೆ ಮುಗಿಯುತ್ತಿತ್ತು. ಆದರೆ ಮನೆಯಲ್ಲಿ ಭಾವ ಇದ್ದರು.

ಭಾವ ದರ್ಜಿ. ಮನೆಯ ಮುಂದಿನ ಕೋಣೆಯಲ್ಲೇ ಯಂತ್ರ, ಕಾಲಲ್ಲಿ ತುಳಿಯುವುದು. ಸಕ್ಕರೆ ಕಾಯಿಲೆ ಬೇರೆ. ಪೆಡಲಿನ ಕಬ್ಬಿಣದ ಅಂಚು ಎಡ ಹಿಮ್ಮಡಿಗೆ ಕೊಯ್ದು ಗಾಯವಾಗಿತ್ತು. ಬೀದಿಯ ಡಾಕ್ಟರು ನೋಡಿ, ದೊಡ್ಡಾಸ್ಪತ್ರೆಗೆ ಹೋಗಿ ಗಾಯ ಕೊಯ್ಯಿಸಿ ತೊಳೆಸಿಕೊಳ್ಳಿ ಎಂದರು. ಅಕ್ಕ ಬೇಡ ಎಂದಳು. ಕತ್ತರಿ ಹಾಕಿದರೆ ಅವರು ಎಲ್ಲಿ ನಿಲ್ಲಿಸುತ್ತಾರೋ, ಕಾಲು ಹೋದರೆ ಯಂತ್ರ ತುಳಿಯುವವರು ಯಾರು ಎನ್ನುವ ಹೆದರಿಕೆ ಅವಳಿಗೆ. ಅಜ್ಜ ಬಾರದ್ದರಿಂದ ಹದಿನೇಳನೇ ನಂಬರಿನ ಟ್ಯೂಬುಗಳು ಬೀರುವಿನಲ್ಲೇ ಉಳಿದಿದ್ದವು. ಕೊಟ್ಟಿದ್ದೇನೆ ಎಂದು ಬರೆದೂ ಆಗಿತ್ತು. ಅವನ್ನು ಬ್ಯಾಗಿಗೆ ಹಾಕಿಕೊಂಡು ಬಂದು ಭಾವನ ಕಾಲಿಗೆ ಹಚ್ಚತೊಡಗಿದಳು. ಯಾಕೆ ಅದೇ ನಂಬರು? ಫೈಲಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಕೂಡುತ್ತಿದ್ದದ್ದು ಅದೇ ಗಾಯ. ನಲವತ್ತೆರಡರಿಂದ ಇಪ್ಪತ್ಮೂರು. ತಾನೇ ಎಳೆದ ಗೆರೆಯನ್ನು ತಾನೇ ನಂಬಿದಳು ಅಂದರೆ ನೀವು ನಗುತ್ತೀರಿ. ನಾನು ನಗುವುದಿಲ್ಲ. ಮನೆಯಲ್ಲಿ ಒಬ್ಬರ ಕಾಲು ಹೋಗುವ ಹಾಗಿದ್ದರೆ ಮನುಷ್ಯರು ಏನನ್ನಾದರೂ ನಂಬುತ್ತಾರೆ.

ಬಾವಿಯ ಹತ್ತಿರ ಅಜ್ಜನ ಸದ್ದು ಕೇಳಿದ್ದೂ ಅವಳಿಗೆ ಒಳಗೊಳಗೆ ಸಮಾಧಾನವೇ. ರಾತ್ರಿ ಹೊತ್ತು ಅಡ್ಡಾಡುತ್ತಾನೆ ಅಂದಮೇಲೆ ಗಾಯ ಮಾದಿರಲೇಬೇಕು ಎಂದುಕೊಂಡಳು. ಮುಲಾಮು ಇನ್ನೂ ದಪ್ಪಗೆ ಹಚ್ಚಿದಳು.

"ನೋವಿದೆಯೇನ್ರೀ?"

"ನೋವೇ ಇಲ್ಲ ಕಣೇ. ಈಗ ಅದು ನನ್ನ ಕಾಲೇ ಅಲ್ಲ ಅನ್ನೋ ಹಾಗಿದೆ."

ಮೇಲೆ ಗಾಯದ ಬಾಯಿಯೂ ಚಿಕ್ಕದಾಗುತ್ತಿತ್ತು. ಸಕ್ಕರೆ ಕಾಯಿಲೆಯವರ ಕಾಲು ಮರಗಟ್ಟಿದರೆ ನೋವೇ ತಿಳಿಯದು ಎಂದು ಗೊತ್ತಿದ್ದೂ, ನರ್ಸಾಗಿ ಹದಿನೈದು ವರ್ಷವಾದವಳು ಆ ಮಾತಿಗೆ ಸಂತೋಷಪಟ್ಟಳು.

ಏಳನೇ ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋದಳು. ಬೀರು ತೆಗೆದಳು. ಹದಿನೇಳನೇ ಫೈಲಿನಲ್ಲಿ ಆಗಲೇ ಏಳನೇ ಹಾಳೆ ಇತ್ತು.

ನೀಲಿ ಗೆರೆ. ಬಾಣ. ನಂಬರು. ಆವತ್ತಿನದೇ ತಾರೀಖು. ಅಕ್ಕ ಚೌಕ ಎಣಿಸಿದಳು. ನಲವತ್ತೊಂದು.

ಆ ಬೀರುವಿಗೆ ಎರಡೇ ಕೀಲಿ. ಒಂದು ಅವಳದು, ಒಂದು ಡಾಕ್ಟರದು. ಯಾರೋ ತನ್ನ ಸುಳ್ಳು ಹಿಡಿದಿದ್ದಾರೆ, ಹಿಡಿದು ಆಟ ಆಡಿಸುತ್ತಿದ್ದಾರೆ ಎಂದು ಅಕ್ಕನಿಗೆ ಖಾತ್ರಿಯಾಯಿತು. ಅಂದಿನಿಂದ ಅವಳ ಕಣ್ಣಿಗೆ ಎಲ್ಲರೂ ಕಳ್ಳರೇ. ಡಾಕ್ಟರು "ಹದಿನೇಳು ಹೇಗಿದೆ?" ಎಂದು ಕೇಳಿದರೆ, ಯಾಕೆ ಬೇರೆ ನಂಬರು ಬಿಟ್ಟು ಅದನ್ನೇ ಕೇಳಿದರು? ಗುಡಿಸುವವಳು ಬೀರುವಿನ ಮುಂದೆ ಎರಡು ಸಲ ಪೊರಕೆ ಆಡಿಸಿದರೆ, ಯಾಕೆ ಎರಡು ಸಲ? ಬೀರುವಿನ ಬಾಗಿಲಿಗೆ ಒಂದು ಎಳೆ ದಾರ ಅಂಟಿಸಿ ಹೋಗುತ್ತಿದ್ದಳು. ಬೆಳಿಗ್ಗೆ ದಾರ ಇದ್ದಲ್ಲೇ ಇರುತ್ತಿತ್ತು. ಅದಕ್ಕೂ ಅನುಮಾನ. ದಾರ ಮೊದಲು ಬಿಳಿಯದಿತ್ತೋ ಹಳದಿಯೋ?

ಕೊನೆಗೆ ಅನುಮಾನವೆಲ್ಲ ಕಷಾಯನ ಮೇಲೆ ಬಂದು ಕೂತಿತು. ಸಂಜೆ ತಡವಾಗಿ ಇರುವವನು ಅವನೊಬ್ಬನೇ. ಶೆಡ್ಡಿಗೆ ಹೋದಳು. ಅವನು ಬಟ್ಟೆಯಲ್ಲಿ ಸಾರ ಹಿಂಡುತ್ತಿದ್ದ. ಚಿಳ್... ಚಿಳ್... ಎಂದು ಪಾತ್ರೆಗೆ ಬೀಳುತ್ತಿತ್ತು.

"ಬೀಗದಜ್ಜನ್ನ ಎಲ್ಲಾದ್ರೂ ನೋಡಿದ್ರಾ ಈಚೆಗೆ?"

"ನನಗೆ ಗಿಡ ಗೊತ್ತು. ಜನ ಗೊತ್ತಿಲ್ಲ."

"ಬಾವಿ ಹತ್ರ ಗಿಡ ಕೀಳೋಕೆ ಹೋಗ್ತೀರಲ್ಲ... ರಾತ್ರಿ ಅದರ ಎಲೆ ಬಿಚ್ಚಿರುತ್ತಾ?"

ಅವನು ಹಿಂಡುವುದು ನಿಲ್ಲಿಸಿ ಅವಳ ಮುಖ ನೋಡಿದ.

"ಇಪ್ಪತ್ತು ವರ್ಷ ಆಯ್ತು ಈ ಗಿಡದ ಜೊತೆ. ರಾತ್ರಿ ಬಿಚ್ಚಿದ್ದನ್ನ ನಾನು ನೋಡಿಲ್ಲ. ನೀನೆಲ್ಲಿ ನೋಡ್ದೆ?"

ಅಕ್ಕ ತಿರುಗಿ ಬಂದುಬಿಟ್ಟಳು. ಇವನು ಬೇಕಂತಲೇ ಹೆದರಿಸುತ್ತಿದ್ದಾನೆ ಎಂದುಕೊಂಡಳು. ಆದರೂ ಒಂದು ಮಾತ್ರ ಲೆಕ್ಕಕ್ಕೆ ಸಿಗಲಿಲ್ಲ. ತನ್ನ ಮುಲಾಮಿಗೆ ಹೆಸರು ಬರಲಿ ಎನ್ನುವವನು ಗಾಯವನ್ನು ಚಿಕ್ಕದು ಮಾಡಿ ತೋರಿಸಬೇಕು. ದೊಡ್ಡದು ಯಾಕೆ ಮಾಡುತ್ತಾನೆ?

ಎಂಟನೇ ಸೋಮವಾರ. ಪರೀಕ್ಷೆಯ ಕೊನೆಯ ವಾರ. ಎಂಟನೇ ಹಾಳೆಯೂ ಇತ್ತು. ದೊಡ್ಡ ಗೆರೆ. ಐವತ್ತೆಂಟು ಚೌಕ. ಅಕ್ಕ ಅದನ್ನು ಮಡಚದೆ ಬ್ಯಾಗಿಗೆ ತುರುಕಿದಳು. ಇದನ್ನು ಇಟ್ಟವರು ಯಾರೇ ಇರಲಿ, ಸಂಜೆಗೆ ಒಂದು ತೀರ್ಮಾನ ಆಗಲಿ ಎಂದು ಹಲ್ಲು ಕಚ್ಚಿ ಕೆಲಸ ಮಾಡಿದಳು.

ಕೊನೆಯ ರೋಗಿ ಹೋಗುವಷ್ಟರಲ್ಲಿ ಸಂಜೆ ಆರಾಯಿತು. ಆಗ ಒಬ್ಬ ಹೆಂಗಸು ಬಾಗಿಲಲ್ಲಿ ಬಂದು ನಿಂತಳು. ಕೈಯಲ್ಲಿ ಒಂದು ಪುಟ್ಟ ಚೀಲ.

"ಗೆರೆ ಸಿಸ್ಟರ್ ಅಂದ್ರೆ ನೀವೇನಾ?"

"ಹೌದು. ಏನಾಗ್ಬೇಕಿತ್ತು?"

"ನಾನು ಬೀಗ ರಿಪೇರಿಯವರ ಮಗಳು. ಖಾಲಿ ಟ್ಯೂಬು ವಾಪಸ್ ಕೊಡಬೇಕು ಅಂತ ಅಪ್ಪ ಹೇಳಿದ್ರು." ನಾಲ್ಕು ಟ್ಯೂಬು ಮೇಜಿನ ಮೇಲಿಟ್ಟಳು. ನಾಲ್ಕನೆಯದು ಅರ್ಧ ತುಂಬಿತ್ತು. "ತಡ ಆಯ್ತು. ಕ್ರಿಯೆ, ಜನ ಅಂತ ಬರೋಕಾಗಲಿಲ್ಲ."

ಅಕ್ಕ ಟ್ಯೂಬಿನ ಕಡೆ ಚಾಚಿದ್ದ ಕೈ ಹಿಂದಕ್ಕೆ ತೆಗೆದಳು.

"ಯಾವಾಗ...?"

"ಇವತ್ತಿಗೆ ಎರಡು ವಾರ. ಸೋಮವಾರ. ಸಂಜೆ ಏಳೂವರೆಗೆ." ಹೆಂಗಸು ಕಣ್ಣೊರೆಸಿಕೊಳ್ಳಲಿಲ್ಲ, ಅತ್ತು ಮುಗಿದವಳ ಹಾಗೆ ಹೇಳಿದಳು. "ಅದಕ್ಕೂ ಮುಂಚೆ ಎಂಟು ದಿನ ಮಲಗಿದ್ದಲ್ಲೇ. ಕಾಲು ಏಳಲೇ ಇಲ್ಲ. ನಾನು ಆಸ್ಪತ್ರೆಗೆ ಹೋಗೋಣ ಅಂದ್ರೆ, ತಾಳು, ಸೋಮವಾರ ನಾನು ಹೋಗದಿದ್ರೆ ಆ ಸಿಸ್ಟರ್ ಬಿಡೋಳಲ್ಲ, ಹುಡುಕ್ಕೊಂಡು ಬರ್ತಾಳೆ, ಬಂದು ನೋಡಿ ಹೇಳ್ಲಿ ಅಂದ್ರು. ಬಾಗಿಲ ಕಡೇನೇ ನೋಡ್ತಿದ್ರು."

ಅಕ್ಕ ಲೆಕ್ಕ ಹಾಕಿದಳು. ಜಾಗ ಖಾಲಿ ಬಿಟ್ಟಿದ್ದರೆ ಡಾಕ್ಟರ ಕಣ್ಣಿಗೆ ಬೀಳುತ್ತಿತ್ತು. ಬಿದ್ದಿದ್ದರೆ ಯಾರನ್ನಾದರೂ ಅಟ್ಟುತ್ತಿದ್ದರು. ಅವಳನ್ನೇ ಅಟ್ಟುತ್ತಿದ್ದರು. ಮೂವತ್ತು ಚೌಕ ಎಂದು ಬರೆದದ್ದರಿಂದ ಯಾರೂ ಹೋಗಲಿಲ್ಲ. ಮುದುಕ ಕಾದ. ಅದನ್ನು ನೆನೆದರೆ ಈಗಲೂ ಅಕ್ಕನಿಗೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ, ದೆವ್ವಕ್ಕಿಂತ ಹೆಚ್ಚಾಗಿ ಅದೇ ಅವಳನ್ನು ಕಾಡುವುದು.

ಹೊರಡುವಾಗ ಹೆಂಗಸು ತಿರುಗಿ ಕೇಳಿದಳು. "ಅಪ್ಪನ ಕೋಲೇನಾದ್ರೂ ಇಲ್ಲಿದೆಯಾ? ಮನೆಯಲ್ಲೆಲ್ಲೂ ಸಿಗ್ತಾ ಇಲ್ಲ."

"ಇಲ್ಲ," ಎಂದಳು ಅಕ್ಕ.

ಒಬ್ಬಳೇ ಉಳಿದಳು. ಬ್ಯಾಗಿನಿಂದ ಹಾಳೆ ತೆಗೆದು ದೀಪದ ಕೆಳಗೆ ಹಿಡಿದಳು. ಎರಡು ವಾರದ ಹಿಂದೆ ಸತ್ತವನ ಗಾಯ, ಇವತ್ತಿನ ತಾರೀಖು. ಮೂಲೆಯಲ್ಲಿ 17. ಏಳರ ಹೊಟ್ಟೆಗೆ ಅಡ್ಡ ಒಂದು ಗೀಟು. ಅಕ್ಕ ಬೀರುವಿನ ಕೀಲಿ ತೆಗೆದು ಪಕ್ಕದಲ್ಲಿಟ್ಟು ನೋಡಿದಳು. ಅದೇ ಕೈ.

ಆಗಲೇ ಬಾಣದ ಪಕ್ಕದ ಸಣ್ಣ ಅಕ್ಷರ ಕಣ್ಣಿಗೆ ಬಿದ್ದದ್ದು. ಅನುಮಾನದ ಭರದಲ್ಲಿ ಹೋದ ವಾರವೂ ಅದನ್ನು ನೋಡಿರಲಿಲ್ಲ.

ಎಡ.

ಅಜ್ಜನದು ಬಲಗಾಲು. ಬಲ ಹಿಮ್ಮಡಿ. ತನ್ನ ಕೈಯಾರೆ ನಾಲ್ಕು ವಾರ ಬಲ ಎಂದು ಬರೆದಿದ್ದಳು. ಮತ್ತೆ ಇದು... ಎಡ ಹಿಮ್ಮಡಿ ಯಾರದು?

ಅಕ್ಕ ಎದ್ದಳು. ಬೀರುವಿಗೆ ಬೀಗ ಹಾಕಲಿಲ್ಲ, ದೀಪ ಆರಿಸಲಿಲ್ಲ. ಹಾಳೆ ಹಿಡಿದುಕೊಂಡು ಹೊರಟಳು.

ಕತ್ತಲಾಗಿತ್ತು. ಅಡ್ಡದಾರಿಗೇ ಇಳಿದಳು. ಬೇರೆ ದಾರಿಯಲ್ಲಿ ಹೋಗಲು ವ್ಯವಧಾನವಿರಲಿಲ್ಲ. ಬಾವಿ ಹತ್ತಿರ ಬಂದಾಗ ಮತ್ತೆ ಆ ಸದ್ದು. ಟಕ್... ಸರ್ರ್. ಈ ಸಲ ಹಿಂದಿನಿಂದಲ್ಲ. ಅವಳ ಮುಂದೆ. ಹತ್ತು ಹೆಜ್ಜೆ ಮುಂದೆ, ಅವಳ ಬೀದಿಯ ಕಡೆಗೆ ಹೋಗುತ್ತಿತ್ತು. ಟಕ್... ಸರ್ರ್. ಟಕ್... ಸರ್ರ್. ಅಕ್ಕ ಬೇಗ ನಡೆದರೆ ಅದೂ ಬೇಗ.

"ಅಜ್ಜಾ," ಎಂದಳು. ಪಿಸುಮಾತೂ ಅಲ್ಲ, ಬರೀ ಉಸಿರು. "ತಪ್ಪಾಯ್ತು."

ಸದ್ದು ಬೀದಿಗೆ ಹತ್ತಿತು, ಮೂರು ಮನೆ ದಾಟಿತು, ಅವಳ ಬಾಗಿಲ ಮುಂದೆ ನಿಂತಿತು.

ಒಳಗೆ ಭಾವ ಬಟ್ಟೆ ಕತ್ತರಿಸುತ್ತಾ ಕೂತಿದ್ದರು. ಅಕ್ಕ ಅವರ ಎಡಗಾಲು ಎತ್ತಿ ತೊಡೆಯ ಮೇಲಿಟ್ಟುಕೊಂಡು ಬ್ಯಾಂಡೇಜು ಬಿಚ್ಚಿದಳು.

"ಏನೇ ಇದು, ಬಂದೋಳು ಕೈಕಾಲು ತೊಳೀದೆ... ನನ್ನ ಕಾಲು ಹಿಡ್ಕೊಂಡ್ಯಲ್ಲ!"

"ಸುಮ್ನಿರ್ರೀ."

ಗಾಯದ ಬಾಯಿ ಹೆಬ್ಬೆರಳ ಉಗುರಿನಷ್ಟೇ ಇತ್ತು. ಸುತ್ತ ಚರ್ಮ ಚೆನ್ನಾಗಿಯೇ ಕಾಣುತ್ತಿತ್ತು. ಹಾಳೆಯನ್ನು ಬಾಣದ ಗುರುತಿನಂತೆ ಹಿಮ್ಮಡಿಯ ಮೇಲಿಟ್ಟಳು. ನೀಲಿ ಗೆರೆ ಗಾಯದಿಂದ ಎಷ್ಟೋ ಆಚೆ, ಒಳ್ಳೆಯ ಚರ್ಮದ ಮೇಲೆ ಸುತ್ತಿಕೊಂಡು ಹೋಗಿತ್ತು. ಅಕ್ಕ ಗೆರೆಯ ಹೊರಗೆ ಬೆರಳಿಟ್ಟು ಒತ್ತಿದಳು. ಗಟ್ಟಿ. ಗೆರೆಯ ಒಳಗೆ ಒತ್ತಿದಳು. ಬೆರಳು ಮೆತ್ತಗೆ ಇಳಿಯಿತು. ಪಿಚ್ ಎಂದು ಗಾಯದ ಬಾಯಿಯಿಂದ ಕೀವು ಬಂತು. ವಾಸನೆ ಬಂತು. ಭಾವ ಮಾತ್ರ ಏನೂ ಆಗದವರಂತೆ ಅವಳ ಮುಖ ನೋಡುತ್ತಿದ್ದರು.

"ನೋವಾಯ್ತೇನ್ರೀ?"

"ಇಲ್ವಲ್ಲ."

ಅಕ್ಕ ಅಳಲಿಲ್ಲ. ಗಾಡಿ ಕರೆಸಿ, ಒಂದು ಗಂಟೆಯೊಳಗೆ ಭಾವನನ್ನು ದೊಡ್ಡಾಸ್ಪತ್ರೆಯಲ್ಲಿ ಮಲಗಿಸಿದಳು. ಮಾರನೆಯ ಬೆಳಿಗ್ಗೆ ಸರ್ಜನ್ನು ಒಳಗೆ ಕೊಳೆತದ್ದನ್ನೆಲ್ಲ ಕೊಯ್ದು ತೆಗೆದರು. ಮೇಲಿನ ಚರ್ಮ ಕೂಡಿಕೊಂಡು ಒಳಗೆ ಹರಡುತ್ತಿತ್ತಂತೆ. ಇನ್ನೆರಡು ದಿನ ಬಿಟ್ಟಿದ್ದರೆ ಪಾದವನ್ನೇ ತೆಗೆಯಬೇಕಿತ್ತು ಎಂದರು. ನೀವೇ ನರ್ಸಾಗಿ ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದೂ ಕೇಳಿದರು. ಕೇಳಬೇಕಾದ್ದೇ.

ಡ್ರೆಸ್ಸಿಂಗ್ ಬದಲಿಸುವಾಗ ಅಕ್ಕ ಹಾಳೆಯನ್ನು ಆ ಗಾಯದ ಮೇಲೆ ಹಿಡಿದು ನೋಡಿದಳು. ಸರ್ಜನ್ನಿನ ಚಾಕು ಹೋದ ಅಂಚು, ಹಾಳೆಯ ಗೆರೆ, ಎರಡೂ ಒಂದೇ. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಸರ್ಜನ್ನು ಆ ಹಾಳೆಯನ್ನು ಆವರೆಗೆ ನೋಡಿರಲಿಲ್ಲ.

ಮೂರನೇ ದಿನ ಅಕ್ಕ ಹೋಗಿ ಡಾಕ್ಟರ ಮುಂದೆ ಎಲ್ಲ ಹೇಳಿದಳು. ಬಾವಿಯ ವಿಷಯ ಬಿಟ್ಟು ಎಲ್ಲ. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನ್ನುತ್ತಾಳೆ. ಲಕೋಟೆ ತೆಗೆದು ಹರಿದು ಹದಿನೇಳನೇ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು. ಸಾರ ಇಲ್ಲ. ಬರೀ ಜಿಡ್ಡು, ಹಸಿರು ಬಣ್ಣ. ಅಜ್ಜನಿಗೂ ಅದೇ, ಭಾವನಿಗೂ ಅದೇ. ಪಕ್ಕದಲ್ಲಿ ನಿಂತಿದ್ದ ಕಷಾಯ, "ನೀನು ನನ್ನ ಗಿಡದ ಮೇಲೆ ನಂಬಿಕೆ ಇಟ್ಟೆ ತಾಯಿ. ಅದರಲ್ಲಿ ಗಿಡವೇ ಇರಲಿಲ್ಲ," ಎಂದ. ಅವನ ಗಂಟುಮುಖದಲ್ಲಿ ಆವತ್ತು ಮೊದಲ ಸಲ ಮರುಕ ಕಂಡಿತಂತೆ.

ಸುಳ್ಳು ಹಾಳೆಗಳನ್ನು ಹೊರತೆಗೆದು ಹದಿನೇಳನೇ ಫೈಲನ್ನು ಯಾರೂ ತೆರೆಯದ ಹಾಗೆ ಸುತ್ತ ಕಾಗದದ ಪಟ್ಟಿ ಅಂಟಿಸಿದರು. ಬೀರುವಿಗೆ ಹೊಸ ಬೀಗ ಬಂತು, ಒಂದೇ ಕೀಲಿ, ಅದು ಡಾಕ್ಟರ ಜೇಬಿನಲ್ಲಿ. ಅಕ್ಕನನ್ನು ಗೆರೆ ಎಳೆಯುವ ಕೆಲಸದಿಂದ ತೆಗೆದು, ಬಾರದವರ ಮನೆಗೆ ಹೋಗಿ ನೋಡಿಬರುವ ಕೆಲಸಕ್ಕೆ ಹಾಕಿದರು. ಈಗ ಯಾರಾದರೂ ಸೋಮವಾರ ಬರದಿದ್ದರೆ ಮಧ್ಯಾಹ್ನದೊಳಗೆ ಅವಳು ಅವರ ಬಾಗಿಲಲ್ಲಿರುತ್ತಾಳೆ.

ಭಾವನ ಕಾಲು ಕೂಡಲು ನಾಲ್ಕು ತಿಂಗಳು ಹಿಡಿಯಿತು. ಮನೆಯಲ್ಲಿ ಪ್ರತಿ ಭಾನುವಾರ ಅಕ್ಕ ಹಾಳೆ ಇಟ್ಟು ಗೆರೆ ಎಳೆಯುತ್ತಿದ್ದಳು, ಈ ಸಲ ಕಂಡದ್ದನ್ನು ಕಂಡ ಹಾಗೆಯೇ. ಒಂದು ಭಾನುವಾರ ಹಾಳೆ ಇಟ್ಟರೆ ಎಳೆಯಲು ಏನೂ ಉಳಿದಿರಲಿಲ್ಲ. ಬಾಣ ಹಾಕಿದಳು, ಎಡ ಎಂದು ಬರೆದಳು, ತಾರೀಖು ಹಾಕಿದಳು. ನಂಬರು ಹಾಕಲಿಲ್ಲ. ಭಾವನ ದಾರದುಂಡೆಯ ಡ್ರಾಯರಿನಲ್ಲಿಟ್ಟಳು. ಅಂದು ಸಂಜೆ ಯಂತ್ರದ ಸದ್ದು ಕೇಳಿ ಅಡುಗೆ ಮನೆಯಲ್ಲಿ ಕೂತು ಜೋರಾಗಿ ಅತ್ತಳು.

ಮಾರನೆಯ ದಿನ ಡಾಕ್ಟರು ಅವಳನ್ನು ಕರೆದು ಬಾಗಿಲು ಹಾಕಿದರು. ಮೇಜಿನ ಮೇಲೆ ಹದಿನೇಳನೇ ಫೈಲು, ಪಟ್ಟಿ ಹರಿದಿರಲಿಲ್ಲ. ಡಾಕ್ಟರೇ ಕತ್ತರಿಸಿ ತೆಗೆದು ಕೊನೆಯ ಹಾಳೆ ತೋರಿಸಿದರು. ಬೆಳಿಗ್ಗೆ ಬೀರು ತೆಗೆದಾಗ ಫೈಲಿನ ಅಂಚಿನಿಂದ ಅದರ ಮೂಲೆ ಹೊರಗೆ ಇಣುಕುತ್ತಿತ್ತಂತೆ.

"ಇದು ನಿಮ್ಮ ಕೈ ಅಲ್ಲ ತಾನೇ?"

"ಅಲ್ಲ ಡಾಕ್ಟರೇ."

ಅವರು ಮತ್ತೆ ಕೇಳಲಿಲ್ಲ. ಅಕ್ಕ ಆ ಹಾಳೆ ಕೇಳಿ ಪಡೆದುಕೊಂಡು ಬಂದಳು. ಡ್ರಾಯರಿನಲ್ಲಿಟ್ಟದ್ದು ಅಲ್ಲೇ ಇತ್ತು. ಈಗ ಎರಡೂ ಅವಳ ಬಳಿ ಇವೆ. ನಾನು ಹಗಲು ಹೊತ್ತಿನಲ್ಲಿ, ಕಿಟಕಿಗೆ ಹಿಡಿದು, ಎರಡನ್ನೂ ನೋಡಿದ್ದೇನೆ. ಬೇರೆ ಯಾರೋ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ. ಅಕ್ಕನದರಲ್ಲಿ ಬಾಣ, ಎಡ, ಭಾನುವಾರದ ತಾರೀಖು. ಇನ್ನೊಂದರಲ್ಲೂ ಗೆರೆಯಿಲ್ಲ. ಬಾಣ, ಎಡ, ಅದೇ ಭಾನುವಾರದ ತಾರೀಖು. ಮೂಲೆಯಲ್ಲಿ 17, ಏಳರ ಹೊಟ್ಟೆಗೆ ಅಡ್ಡ ಒಂದು ಗೀಟು.